ಜ್ವರ ಬಿಟ್ಟೈತಾ?

ಇದು ಕಟ್ಟಿದ ಕತೆ ಅಂದುಕೊಳ್ಳೋರು ಈಗಲೇ ಎದ್ದು ಹೋಗಿ. ನಮ್ಮ ಚಿಕ್ಕಪ್ಪನ ಮಗಳು ಸುಮಲತಳಿಗೆ ಆದದ್ದು. ಹೋದ ವರ್ಷ, ಮಾಗಿ ಚಳಿಯಲ್ಲಿ.

ಸುಮಲತ ಬಂಗಾರಪೇಟೆಯ ಟೈಲರ್ ಅಂಗಡಿಗೆ ಕೆಲಸಕ್ಕೆ ಹೋಗ್ತಾಳೆ. ಅವತ್ತು ಕೊನೇ ರೈಲಿಗೆ ಬಂದು ಮಾರಿಕುಪ್ಪಂನಲ್ಲಿ ಇಳಿದಾಗ ರಾತ್ರಿ ಒಂಬತ್ತು ದಾಟಿತ್ತು. ಅಲ್ಲಿಂದ ಊರಿಗೆ ಎರಡು ಮೈಲಿ ನಡಿಗೆ. ನಡುವೆ ಒಂದು ಹಾಳುಬಾವಿ... ಪಕ್ಕದಲ್ಲಿ ಆಲದ ಮರ. ಆದರೂ ಅವಳ ಮನಸ್ಸು ಹಗುರಾಗಿತ್ತು. ಐದು ದಿನ ಗಂಡ ನಾಗೇಶನನ್ನು ಸುಟ್ಟ ಫ್ಲೂ ಜ್ವರ ಬೆಳಿಗ್ಗೆ ಬಿಟ್ಟಿತ್ತು. ಅತ್ತೆ ಅಶ್ವತ್ಥಮ್ಮ ಬೇವಿನ ಸೊಪ್ಪು ಹಾಕಿ ಮಗನ ತಲೆಗೆ ನೀರು ಹುಯ್ದಿದ್ದರು. ತಲೆಗೆ ನೀರು ಬಿತ್ತು ಅಂದರೆ ಆ ಮನೆಯಲ್ಲಿ ಕಾಯಿಲೆ ಮುಗಿದ ಹಾಗೆ. ಆಮೇಲೆ ಅದರ ಮಾತೂ ಎತ್ತಬಾರದು.

ಬಾವಿ ಹತ್ತಿರ ಬಂದಾಗ... ಕೆಮ್ಮು. ಖೊಳ್... ಖೊಳ್... ಹಿಂದೆಯೇ ಎದೆಯೊಳಗೆ ಗೊರ್‌ರ್ ಅಂತ ಕಫ ಕುದಿಯುವ ಸದ್ದು. ಕಟ್ಟೆಯ ಮೇಲೆ ಒಬ್ಬ ಹೆಂಗಸು ಬೆನ್ನು ಮಾಡಿ ಕೂತಿದ್ದಳು. ಬಿಚ್ಚಿದ ಕೂದಲಿಂದ ನೀರು ತೊಟ್... ತೊಟ್... ಆ ಬಾವಿ ಬತ್ತಿ ಹತ್ತು ವರ್ಷ.

"ನಿನ್ ಗಂಡಂಗೆ ಜ್ವರ ಬಿಟ್ಟೈತಾ?"

ಸುಮಲತಳ ನಾಲಿಗೆ ತಾನಾಗಿ ಆಡಿತು. "ಬಿಟ್ಟೈತೆ, ಅಕ್ಕಾ."

"ನಂಗೂ ಬಿಟ್ಟಿತ್ತು..." ಹೆಂಗಸು ತಿರುಗಲಿಲ್ಲ. "ತಲೆಗೆ ನೀರೂ ಉಯ್ದಿದ್ರು. ಮೂರೇ ದಿನ... ತಿರ್ಗಾ ಬಂತು. ಉಸ್ರು ಎಣ್ಸು."

ಸುಮಲತ ಓಡಿದಳು. ಮನೆಯಲ್ಲಿ ನಾಗೇಶ ಮುದ್ದೆ ಮುರಿದು ಹುರುಳಿ ಸಾರಲ್ಲಿ ಅದ್ದುತ್ತಿದ್ದ. ಅವಳು ಅಲ್ಲೇ ಒಂದು ತಪ್ಪು ಮಾಡಿದಳು. ಕಂಡದ್ದನ್ನೆಲ್ಲ ಅತ್ತೆಗೆ ಹೇಳಿಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮೂರನೇ ದಿನ ಸಂಜೆ ನಾಗೇಶನಿಗೆ ಚಳಿ ಹತ್ತಿತು. ಮಂಚದ ಕಾಲು ನೆಲಕ್ಕೆ ಟಕಟಕ ಬಡಿಯುವಷ್ಟು ನಡುಕ. ಮೈ ಕಾದ ಹಂಚು. ಬಲ ಪಕ್ಕೆಯಲ್ಲಿ ಚೂರಿ ಹಾಕಿದ ಹಾಗೆ ನೋವು, ಉಗುಳಿದರೆ ತುಕ್ಕಿನ ಬಣ್ಣದ ಕಫ. ಆಸ್ಪತ್ರೆಗೆ ಹೋಗೋಣ ಅಂತ ಸುಮಲತ ಬೇಡಿಕೊಂಡಳು. ಅಶ್ವತ್ಥಮ್ಮ ಬಾಗಿಲಿಗೆ ಅಡ್ಡ ನಿಂತರು.

"ತಲೆಗೆ ನೀರು ಬಿದ್ಮೇಲೆ ಜ್ವರ ಎಲ್ಲಿಂದ್ಲೇ ಬತ್ತದೆ? ಇದು ಗಾಳಿ. ಬಾವಿತಾವ ಮಾತಾಡ್ಸಿದ್ದು ನೀನು, ಇಡ್ದಿರೋದು ಅವನ್ನ."

ಸುಮಲತಳಿಗೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಎಚ್ಚರ ಹೇಳಿದ್ದು ಆ ಹೆಂಗಸು. ಆ ಎಚ್ಚರವನ್ನೇ ಹಿಡಿದು ಇವರು ಬಾಗಿಲು ಹಾಕಿದ್ದರು. ಹೇಳದೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಆಟೋ ಹತ್ತಿರುತ್ತಿದ್ದರು.

ಆಂಧ್ರದ ಕಡೆಯಿಂದ ಮಂತ್ರವಾದಿ ಬಂದ. ಸಾಂಬ್ರಾಣಿ, ಒಣಮೆಣಸಿನಕಾಯಿ ಹೊಗೆ. "ಪೋ... ಪೋ..." ಅಂತ ಬೇವಿನ ಸೊಪ್ಪಲ್ಲಿ ಸಪ್‌ಸಪ್ ಹೊಡೆತ. ಹೊಗೆ ಏರಿದಷ್ಟೂ ನಾಗೇಶ ಕೆಮ್ಮಿದ. ಕೆಮ್ಮಿದಾಗೆಲ್ಲ "ನೋಡು, ಗಾಳಿ ಒದ್ದಾಡ್ತೈತೆ" ಅಂತ ಅಶ್ವತ್ಥಮ್ಮ ಕೈ ಮುಗಿದರು. ಇಂಥವರಿಗೆ ಏನು ಹೇಳೋದು?

ಉಸಿರು ಎಣಿಸಿದರೆ ಆಯಸ್ಸು ಕಡಿಮೆ ಅಂತ ಆ ಮನೆಯಲ್ಲಿ ನಂಬಿಕೆ. ಅದಕ್ಕೇ ಸುಮಲತ ಸೆರಗಿನ ಕೆಳಗೆ ಫೋನು ಮುಚ್ಚಿಟ್ಟುಕೊಂಡು, ತುಟಿ ಅಲುಗಿಸದೆ ಎಣಿಸಿದಳು. ನಿಮಿಷಕ್ಕೆ ಮೂವತ್ತಾರು. ತನ್ನದು ಎಣಿಸಿದಳು... ಹದಿನಾರು. ಯಾರಿಗೂ ಹೇಳಲಿಲ್ಲ. ಹೇಳಿ ಕೆಟ್ಟಿದ್ದು ಸಾಕಾಗಿತ್ತು.

ಬೆಳಗಿನ ಜಾವ ನಾಗೇಶನ ತುಟಿ ನೀಲಿಗಟ್ಟಿತು. ಆಗ ಅವಳು ಅತ್ತೆಯ ಕಿವಿಯಲ್ಲಿ ಒಂದು ಸುಳ್ಳು ಪಿಸುಗುಟ್ಟಿದಳು.

"ಆ ಎಂಗ್ಸು ತಿರ್ಗಾ ಬಂದಿದ್ಲು, ಅತ್ತೆ. ಈ ಗಾಳಿ ಬಿಡ್ಸೋನು ಬಂಗಾರಪೇಟೆ ಆಸ್ಪತ್ರೇಲವ್ನೆ ಅಂದ್ಲು."

ಅಷ್ಟೇ. ಅಶ್ವತ್ಥಮ್ಮ ಶಾಲು ಹೊದ್ದು ತಾವೇ ಆಟೋ ಕರೆಸಿದರು. ನಿಜಕ್ಕೆ ಕಿವುಡಾಗಿದ್ದ ಮನೆ ಸುಳ್ಳಿಗೆ ಎದ್ದು ನಿಂತಿತು. ಸುಮಲತಳಿಗೆ ಸಮಾಧಾನವಾಗಲಿಲ್ಲ, ಮೈಯೆಲ್ಲ ಉರಿಯಿತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಬಲ ಶ್ವಾಸಕೋಶದ ಕೆಳಗೆಲ್ಲ ಬೆಳ್ಳಗೆ. ಫ್ಲೂ ಉಸಿರಿನ ದಾರಿಯ ಒಳಪದರವನ್ನು ಕಿತ್ತು ಹಾಕಿದೆ, ಮೂಗು ಗಂಟಲಲ್ಲಿ ಸುಮ್ಮನೆ ಕೂತಿದ್ದ ಬ್ಯಾಕ್ಟೀರಿಯಾ ಆ ಗಾಯದ ದಾರಿಯಲ್ಲೇ ಇಳಿದು ಕೀವು ತುಂಬಿವೆ, ಇದು ನ್ಯುಮೋನಿಯಾ ಅಂದರು ಡಾಕ್ಟರಮ್ಮ. "ಬಾಗ್ಲು ಮುರಿದೋನು ಒಬ್ಬ, ಒಳಗೆ ನುಗ್ಗಿದೋನು ಇನ್ನೊಬ್ಬ. ಬಿಟ್ಟ ಜ್ವರ ತಿರುಗಿ ಬಂದ್ರೆ ಅವತ್ತೇ ಕರ್ಕೊಂಡು ಬರ್ಬೇಕಮ್ಮ." ರಕ್ತನಾಳಕ್ಕೆ ಆಂಟಿಬಯೋಟಿಕ್, ಮೂಗಿಗೆ ಆಕ್ಸಿಜನ್. ಒಂಬತ್ತು ದಿನಕ್ಕೆ ನಾಗೇಶ ಬದುಕಿ ಮನೆಗೆ ಬಂದ. ಆ ಗಾಳೀನ ಆಸ್ಪತ್ರೆ ಗಾಳಿ ಓಡಿಸ್ತು ಅಂತ ಅಶ್ವತ್ಥಮ್ಮ ಇವತ್ತಿಗೂ ಹೇಳ್ತಾರೆ. ಸುಮಲತ ಹಲ್ಲು ಕಚ್ಚಿಕೊಂಡು ಕೇಳ್ತಾಳೆ.

ಆದರೆ ಒಂದು ಮಾತು ಉಳೀತು. ಅವತ್ತು ಬೆಳಿಗ್ಗೆ ಇವರು ಆಟೋ ಇಳಿದು ಕೌಂಟರಿಗೆ ಹೋದಾಗ ಅಲ್ಲಿದ್ದವನು ಕೇಳಿದನಂತೆ, ಮಾರಿಕುಪ್ಪಂ ಕಡೆಯ ನಾಗೇಶ್ ಅಲ್ವಾ, ನಿಮ್ಮೋರು ಒಂದು ಗಂಟೆ ಮುಂಚೆನೇ ಬಂದು ಬರೆಸಿ ಹೋದ್ರಲ್ಲ ಅಂತ. ಯಾರು? ಯಾರೋ ಹೆಂಗಸು... ಕೆಮ್ತಾ ಇದ್ರು, ಆಗತಾನೇ ತಲೆಗೆ ಸ್ನಾನ ಮಾಡಿದ್ರು.

ಅವನು ಕೊಟ್ಟ ಚೀಟಿಯಲ್ಲಿ ಹೀಗಿತ್ತು. ನಾಗೇಶ್. ಜ್ವರ ಮರಳಿ ಬಂದಿದೆ. ಉಸಿರು ಮೂವತ್ತಾರು.

ನೀವು ನಂಬಿ, ಬಿಡಿ. ಆ ಚೀಟಿ ಸುಮಲತಳ ಕುಂಕುಮದ ಡಬ್ಬಿಯಲ್ಲಿದೆ. ಹೋದ ವಾರ ನಾನೇ ಮುಟ್ಟಿ ನೋಡಿದೆ. ಒಂದು ಮೂಲೆ ಇನ್ನೂ ಒದ್ದೆ.