ಬೇಲೆಕೇರಿಯ ಡಾಂಬರು ದಾರಿಗೆ ಎಣ್ಣೆ ಬಿದ್ದ ಬಗ್ಗೆ ಮಂಗಲಾ ಹರಿಕಂತ್ರ ಇವರ ಹೇಳಿಕೆ

ಹೆಸರು: ಮಂಗಲಾ ಕೋಂ ಮಧುಕರ ಹರಿಕಂತ್ರ, ಪ್ರಾಯ: 47 ವರ್ಷ, ವೃತ್ತಿ: ಮೀನು ವ್ಯಾಪಾರ, ಸಾಕಿನ್: ಬೇಲೆಕೇರಿ, ತಾಲೂಕು: ಅಂಕೋಲಾ, ಜಿಲ್ಲೆ: ಉತ್ತರ ಕನ್ನಡ.

ದಿನಾಂಕ 28-05-2007ರಂದು ಠಾಣೆಗೆ ಖುದ್ದು ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ನಾನು ಗಂಡನೊಂದಿಗೆ ಮೇಲಿನ ವಿಳಾಸದಲ್ಲಿ ವಾಸವಾಗಿದ್ದು, ದಿನಾ ಬೆಳಿಗ್ಗೆ ಅಂಕೋಲಾ ಮೀನುಪೇಟೆಯಲ್ಲಿ ಕುಳಿತು ಮೀನು ಮಾರುತ್ತೇನೆ. ನಮ್ಮ ಮನೆಯ ಮುಂದಿನ ಮನೆ ಕಿಶನ ನಾಯಕ ಎಂಬವನದು. ಅವನು ಕಾರವಾರದಲ್ಲಿ ಸರಕಾರಿ ನೌಕರಿಯಲ್ಲಿದ್ದಾನೆ. ನಮ್ಮ ಮನೆಯಿಂದ ಬಂದರು ರಸ್ತೆಗೆ ಹೋಗಬೇಕಾದರೆ ಅವನ ಅಂಗಳದ ಪಕ್ಕದ ಸುಮಾರು 40 ಮೀಟರ್ ದಾರಿಯಲ್ಲೇ ಹೋಗಬೇಕು. ಬೇರೆ ದಾರಿ ಎಂದರೆ ಹಿಂದುಗಡೆ ಮರಳಿನಲ್ಲಿ ಹೋಗುವ ಹೊಯ್ಗೆ ಕಾಲುದಾರಿ. ಅದು ಮುಕ್ಕಾಲು ಕಿಲೋಮೀಟರ್ ಸುತ್ತು, ಮಳೆಗಾಲದಲ್ಲಿ ಮೊಣಕಾಲು ನೀರು, ರಿಕ್ಷಾ ಬರುವುದಿಲ್ಲ.

ಈ 40 ಮೀಟರಿಗೆ 2003ನೇ ಇಸವಿಯ ಡಿಸೆಂಬರಿನಲ್ಲಿ ಎರಡೂ ಮನೆಯವರು ಸೇರಿ ಡಾಂಬರು ಹಾಕಿಸಿದೆವು. ಹಾಕಿದ ಮೇಸ್ತ್ರಿಯು, ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷ ಎಲ್ಲೂ ಹೋಗುವುದಿಲ್ಲ, ನೋಡಿಕೊಳ್ಳದಿದ್ದರೆ ನಾಲ್ಕೈದು ಮಳೆಗಾಲಕ್ಕೆ ಎದ್ದುಹೋಗುತ್ತದೆ ಎಂದು ನನ್ನ ಮತ್ತು ಕಿಶನನ ಎದುರಿನಲ್ಲೇ ಹೇಳಿದ್ದನು. ಮೇಲೆ ನೀರು ನಿಲ್ಲಬಾರದು, ಅಂಚಿನ ಮಣ್ಣು ಕೊಚ್ಚಿಹೋಗದಂತೆ ತುಂಬಿಸುತ್ತಿರಬೇಕು, ಬಿರುಕು ಕಂಡರೆ ಮಳೆಗೆ ಮುಂಚೆ ಕಾಸಿದ ಡಾಂಬರು ಹೊಯ್ಯಬೇಕು, ಮೂರು ನಾಲ್ಕು ವರ್ಷಕ್ಕೊಮ್ಮೆ ಮೇಲಿಂದ ತೆಳುವಾಗಿ ಡಾಂಬರು ಬಳಿಯಬೇಕು, ಪೆಟ್ರೋಲು, ಡೀಸೆಲ್, ಎಣ್ಣೆ ಯಾವುದೂ ಬೀಳಬಾರದು ಎಂದೂ ಹೇಳಿದ್ದನು. ಆ ದಿನ ನನ್ನ ಗಂಡ ಸಮುದ್ರಕ್ಕೆ ಹೋಗಿದ್ದರು.

ಅಂದಿನಿಂದ ಕಿಶನನ ಕಾಟ ಶುರುವಾಯಿತು. ನನ್ನ ಬುಟ್ಟಿಯಿಂದ ಒಂದು ಹನಿ ನೀರು ಬಿದ್ದರೂ ಬಾಗಿಲಿಗೆ ಬಂದು, ಮಂಗಲಾಬಾಯಿ, ಉಪ್ಪುನೀರು ಬೀಳಿಸ್ಬೇಡಿ, ಡಾಂಬರ ಹಾಳಾಗ್ತದೆ ಎಂದು ಕೂಗುತ್ತಿದ್ದನು. ಅವನ ಸ್ಕೂಟರು ನಿಲ್ಲುವ ಜಾಗದಲ್ಲಿ ಎಣ್ಣೆ ಸೋರಿ ಡಾಂಬರು ತಟ್ಟೆಯಷ್ಟು ಅಗಲ ಕಿತ್ತುಬಂದಿರುವುದು ಅವನ ಕಣ್ಣಿಗೆ ಬೀಳಲಿಲ್ಲ. ಈ ವರ್ಷ ಡಾಂಬರು ಬೂದಿಬಣ್ಣಕ್ಕೆ ತಿರುಗಿ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಮಳೆ ಬರುವುದರೊಳಗೆ ಬಳಿಸೋಣ ಎಂದು ನಾನು ಎರಡು ಸಲ ಹೇಳಿದೆನು. ಅವನು, ನಿಮ್ಮ ಮೀನಿಂದ ಆದದ್ದು, ನೀವೇ ಬಳಿಸ್ಕೊಳ್ಳಿ ಎಂದನು.

ಶನಿವಾರ ನಾನು ಪೇಟೆಯಿಂದ ನೇರವಾಗಿ ರಾಮನಗುಳಿಯ ತಂಗಿ ಚಂಪಾಳ ಮನೆಗೆ ಹೋಗಿದ್ದು, ಮನೆ ಮುಟ್ಟುವಾಗ ಕತ್ತಲಾಗಿತ್ತು. ಮರುದಿನ ಬೆಳಿಗ್ಗೆ ದಾರಿಯು ಕರ್‍ರಗೆ ಹೊಳೆಯುತ್ತಿತ್ತು, ಚಪ್ಪಲಿಗೆ ಸ್ವಲ್ಪ ಅಂಟುತ್ತಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ರೋಷನನ ರಿಕ್ಷಾದಲ್ಲಿ ಖಾಲಿ ಬುಟ್ಟಿ ತರುವಾಗ ಬಿಸಿಲಿಗೆ ಡಾಂಬರು ಪೂರ್ತಿ ಮೆತ್ತಗಾಗಿ, ಚಕ್ರ ಹುಗಿದು, ಜಲ್ಲಿಯ ಸಮೇತ ಎದ್ದುಬಂತು. ಅಷ್ಟರಲ್ಲಿ ಕಿಶನನು ಹೆಂಡತಿಯೊಂದಿಗೆ ಬಂದನು. ಶಿರವಾಡದಲ್ಲಿ ಮದುವೆಗೆ ಹೋಗಿದ್ದೆ ಎನ್ನುತ್ತಾನೆ. ಅದು ನೆಪ. ದಾರಿಯನ್ನು ನೋಡಿ ಅವನು, ನಿಮ್ಮ ಮೀನ್‌ನೀರು ಕುಡ್ದು ಕುಡ್ದು ಡಾಂಬರ ಸತ್ತೇಹೋಯ್ತು, ಇನ್ನು ಈ ದಾರಿ ಬಂದ್ ಎಂದು ಹೇಳಿ ಸರಪಳಿ ತಂದು ಅಡ್ಡ ಕಟ್ಟಿದನು. ನಾನು, ದಾರಿ ಎಂತ ನಿನ್ನ ಅಪ್ಪಂದಾ ಎಂದು ಕೇಳಿದೆನು. ಜಾಗ ಅವನ ಅಪ್ಪನದೇ ಎಂಬುದು ನಿಜ, ಆದರೆ ಡಾಂಬರು ಇಬ್ಬರದು. ಇದರ ಮೇಲೆ ನಾನು ಬೈದದ್ದನ್ನು ಬರೆಯಬೇಡಿ.

ಅವನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಡಬ್ಬಿ ಬಿದ್ದಿತ್ತು. ನನ್ನ ದಾರಿ ಮುಚ್ಚಿಸಬೇಕೆಂದೇ ಅವನು ಸೀಮೆಎಣ್ಣೆ ಹೊಯ್ದು ಡಾಂಬರನ್ನು ಕೊಂದಿದ್ದಾನೆ. ಇನ್ನು ಹತ್ತು ದಿನಕ್ಕೆ ಮಳೆ. ಪೇಟೆಗೆ ಹೊತ್ತಿಗೆ ಸರಿಯಾಗಿ ಮೀನು ಮುಟ್ಟದಿದ್ದರೆ ನನ್ನ ಜಾಗದಲ್ಲಿ ಬೇರೆಯವಳು ಕೂರುತ್ತಾಳೆ, ಗಿರಾಕಿಗಳೂ ಅವಳ ಕಡೆಗೇ ಹೋಗುತ್ತಾರೆ. ನನ್ನ ಗಂಡ ನಿನ್ನೆ ಊಟ ಮುಟ್ಟದೆ ಗೋಡೆ ಕಡೆ ಮುಖ ಮಾಡಿ ಮಲಗಿದರು. ಕಿಶನನ ಮಾತಿಗೆ ಅಷ್ಟು ನೊಂದಿದ್ದಾರೆ. ಅವನನ್ನು ಹಿಡಿದು ತಕ್ಕ ಶಾಸ್ತಿ ಮಾಡಿ ನನಗೆ ದಾರಿ ಬಿಡಿಸಿಕೊಡಬೇಕು.

ಇಲ್ಲಿಯವರೆಗೆ ಬರೆಸಿದಾಗ ನನ್ನ ಗಂಡ ಠಾಣೆಗೆ ಬಂದು ಬಾಗಿಲಲ್ಲೇ ನಿಂತರು. ಸಾಹೇಬರು ಕರೆಸಿದ್ದ ಕಿಶನನು ಆಗ ಬೆಂಚಿನ ಮೇಲೆ ಕುಳಿತಿದ್ದನು. ನನ್ನ ಗಂಡ, ಮಂಗಲಾ, ಅಂವ ಅಲ್ಲ, ನಾನು ಹಚ್ಚಿದ್ದು ಎಂದರು. ನಾನು, ಎಂತ ಹಚ್ಚಿದ್ದು ಎಂದು ಕೇಳಿದೆನು. ಮೀನೆಣ್ಣೆ ಎಂದರು.

ಸಾಹೇಬರು ವಿಚಾರಿಸಲಾಗಿ ನನ್ನ ಗಂಡ ಹೇಳಿದ್ದೇನೆಂದರೆ, ಬೆನ್ನುನೋವಿನಿಂದಾಗಿ ಕಳೆದ ದೀಪಾವಳಿಗೆ ದೋಣಿ ಮಾರಿದ್ದು, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ದೋಣಿಯನ್ನು ದಡಕ್ಕೆ ಎಳೆದು ಎಣ್ಣೆ ಹಚ್ಚುವ ಕೆಲಸ ಈ ವರ್ಷ ಇರಲಿಲ್ಲ. ಡಾಂಬರು ಬೆಳ್ಳಗಾಗಿ ಬಿರುಕು ಬಿಟ್ಟದ್ದನ್ನು ನೋಡಿ, ಹಲಗೆಯ ಹಾಗೆ ಒಣಗಿದೆ, ಎಣ್ಣೆ ಕುಡಿದರೆ ಮಳೆನೀರು ಒಳಗೆ ಇಳಿಯುವುದಿಲ್ಲ ಎಂದು ತಿಳಿದರು. ಉಳಿದಿದ್ದ ಡಬ್ಬಿಯ ಎಣ್ಣೆಯನ್ನು ಶನಿವಾರ ಯಾರೂ ಇಲ್ಲದಾಗ ಬಟ್ಟೆಯಿಂದ 40 ಮೀಟರಿಗೂ ಎರಡು ಸಲ ಬಗ್ಗಿ ತಿಕ್ಕಿದರು. ಕಿಶನನ ಕಲ್ಲಿನ ಹತ್ತಿರ ಕೈ ತೊಳೆದು ಖಾಲಿ ಡಬ್ಬಿಯನ್ನು ಅಲ್ಲೇ ಮರೆತು ಬಂದರು. ಬೆಳಿಗ್ಗೆ ನೀನು ನೋಡಿ ಖುಷಿ ಪಡ್ತೆ ಅಂದ್ಕಂಡೆ, ಕಿಶನನ ಬಾಯಿನೂ ಮುಚ್ತದೆ ಅಂದ್ಕಂಡೆ ಎಂದರು.

ಮೀನು ಮಾರುವವಳಿಗೆ ಮೀನೆಣ್ಣೆಯ ವಾಸನೆ ಗೊತ್ತಾಗಲಿಲ್ಲವೇ ಎಂದು ಸಾಹೇಬರು ಕೇಳಿದರು. ನಮ್ಮ ಮನೆ, ಬುಟ್ಟಿ, ಸೀರೆ ಎಲ್ಲವೂ ಅದೇ ವಾಸನೆ. ಬೇರೆ ವಾಸನೆ ಇದ್ದಿದ್ದರೆ ಗೊತ್ತಾಗುತ್ತಿತ್ತು.

ಆಗ ಕಿಶನನು ಜೋರಾಗಿ ನಕ್ಕನು. ಮಧುಕರಣ್ಣ, ಇನ್ನು ದಾರಿಗೆ ಒಂದು ಹುಟ್ಟು ಕಟ್ಟಿ ಸಮುದ್ರಕ್ಕೆ ಬಿಡ್ವಾ ಎಂದನು. ಠಾಣೆಯಲ್ಲಿದ್ದವರೂ ನಕ್ಕರು. ನನ್ನ ಗಂಡ ಅವನ ಮುಂದೆ ಹೋಗಿ ಎರಡೂ ಕೈ ಮುಗಿದು, ತಪ್ಪಾಯ್ತು ತಮ್ಮಾ, ದಾರಿ ಮುಚ್ಚಬೇಡ ಎಂದರು. ಆ ಕೈಗಳ ಉಗುರಿನಲ್ಲಿ ಇನ್ನೂ ಕರಿ ಇತ್ತು. ಅವರು ಯಾರಿಗೂ ಹೀಗೆ ಕೈ ಮುಗಿದದ್ದನ್ನು ನಾನು ಕಂಡಿಲ್ಲ.

ಕಿಶನನು ಸಾಹೇಬರಿಗೆ, ಇವರು ಪಾಪದವರು, ಸರಪಳಿ ತೆಗೀತೇನೆ, ಆದರೆ ಆ ಮಂಗಲಾಬಾಯಿ ಎಲ್ಲರ ಎದುರು ನನ್ನ ಹತ್ರ ತಪ್ಪಾಯ್ತು ಅನ್ಬೇಕು ಎಂದನು. ಒಂದು ಮಾತು ಹೇಳಿ ಮುಗಿಸಿ ಎಂದು ಸಾಹೇಬರೂ ಹೇಳಿದರು.

ಅವನು ಸೀಮೆಎಣ್ಣೆ ಹೊಯ್ದಿಲ್ಲ. ಆ ಆರೋಪವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಅದನ್ನು ಸ್ಪಷ್ಟವಾಗಿ ಬರೆಯಿರಿ. ಆದರೆ ನನ್ನ ಗಂಡ ಬಗ್ಗಿ ತಿಕ್ಕಿದ್ದನ್ನು ಕೇಳಿ ನಕ್ಕು, ಅವರಿಂದ ಕೈ ಮುಗಿಸಿಕೊಂಡವನ ಹತ್ತಿರ ತಪ್ಪಾಯಿತು ಎಂದು ನಾನು ಹೇಳುವುದಿಲ್ಲ. ಸರಪಳಿ ಅಲ್ಲೇ ಇರಲಿ. ನಾಳೆಯಿಂದ ನಾನು ಹೊಯ್ಗೆ ದಾರಿಯಲ್ಲೇ ಹೋಗುತ್ತೇನೆ. ಮಳೆ ಬಂದರೆ ನೀರಿನಲ್ಲಿ ಹೋಗುತ್ತೇನೆ.

ಇದನ್ನು ಕೇಳಿ ನನ್ನ ಗಂಡ, ಹಾಗಾದ್ರೆ ಒಂದು ಬುಟ್ಟಿ ನಾನು ಹೊರ್ತೆ ಎಂದರು. ಹಿಡಿಯುವುದು ಗಂಡಸರು, ಹೊರುವುದು ಹೆಂಗಸರು, ನಮ್ಮಲ್ಲಿ ಗಂಡಸರು ಮೀನುಬುಟ್ಟಿ ತಲೆಯ ಮೇಲೆ ಇಟ್ಟದ್ದೇ ಇಲ್ಲ. ಊರು ಪೂರ್ತಿ ನಗುತ್ತದೆ. ನಾನು ಬೇಡ ಎನ್ನಲಿಲ್ಲ.

ಈ ಹೇಳಿಕೆಯನ್ನು ನನಗೆ ಓದಿ ಹೇಳಲಾಗಿದ್ದು, ಗಂಡ ಬರುವ ಮೊದಲು ಬರೆಸಿದ್ದು ನಾನು ನಂಬಿದ್ದು, ಆಮೇಲಿನದು ನನ್ನ ಎದುರಿಗೇ ನಡೆದದ್ದು. ಎರಡೂ ನಾನು ಹೇಳಿದಂತೆಯೇ ಇವೆ.

ಸ್ಥಳ: ಅಂಕೋಲಾ
ದಿನಾಂಕ: 28-05-2007

ಸಹಿ/-
(ಮಂಗಲಾ ಮಧುಕರ ಹರಿಕಂತ್ರ)