ಮೂರನೆಯ ಕರೆ

ಹುಕ್ಕೇರಿಯ ಆ ಹಳೆಯ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯಬೇಕೆಂದು ನಾನು ಬಾಡಿಗೆ ಮಾತಾಡಿದ್ದು ೧೯೪೧ರ ಶ್ರಾವಣದಲ್ಲಿ. ತೊಲೆಗಳ ಗಟ್ಟಿತನ ಕೇಳೋಣವೆಂದು ಬಡಿಗೇರ ಕೇದಾರಿ ಅಜ್ಜನನ್ನು ಕರೆಸಿದ್ದೆ. ಸಂಜೆಗೆ ಮಳೆ ಹಿಡಿದು, ಸುಣ್ಣ ಬಳಿಯುತ್ತಿದ್ದ ಆಳುಗಳೂ ನಾನೂ ಪಡಸಾಲೆಯಲ್ಲೇ ಉಳಿದೆವು. ಅಜ್ಜ ಮಾತ್ರ ಹೊಸ್ತಿಲು ದಾಟಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ.

"ಯಾಕಜ್ಜಾ, ಒಳಗ ದೆವ್ವ ಐತೇನು?" ಆಳು ಸತ್ಯಪ್ಪ ಛೇಡಿಸಿದ.

"ನಗಬ್ಯಾಡೋ ಹುಚ್ಚಪ್ಯಾಲಿ! ಐತಿ ಅಂತನ ಹೊರಗ ಕುಂತೇನಿ. ಮಾಸ್ತರ, ನೀವರ ಕೇಳ್ರಿ...

"ಪ್ಲೇಗ ಬಂದು ಹ್ವಾದ ಮರುವರ್ಷದ ಮಾತ್ರಿ ಇದು. ಧಣೇರು ಊರ ಬಿಟ್ಟಿದ್ರು, ವಾಡೆ ಸೋರಿ ಸೋರಿ ಅಟ್ಟದ ತೊಲಿ ಗ್ವಾಡಿ ಕಡಿ ತುದಿ ಹುಳತಿತ್ತು, ಬಡದ್ರ ಕುಂಬಳಕಾಯಿಗತೆ ಡಬ್ ಅಂತಿತ್ತು. ಹುಳತೈತಿ ಅಂತ ಇಡೀ ತೊಲಿ ಒಗೀತಾರೇನ್ರಿ? ಕೆಳಗ ಆಸರಕ್ಕ ಕಂಬ ಕೊಟ್ಟು, ಹುಳತಷ್ಟ ಕೊಯ್ದು, ಅಲ್ಲಿ ಸಾಗವಾನಿ ತುಂಡು ಕೂಡಸೂದು. ಗಟ್ಟಿ ಇದ್ದದ್ದನ್ನ ಉಳಸಬೇಕು, ಅದ ನಮ್ಮ ಕಸಬು.

"ನನ್ನ ಹೇಣ್ತಿ ಉದ್ದವ್ವ ದಿನಾ ಬುತ್ತಿ ತರತಿದ್ಲು. ಹೊಸದಾಗಿ ಮದವಿ ಆಗಿತ್ತು, ಭಾಳ ಅಂಜಬುರಕಿ. ನಾ ಒಬ್ಬ ಖೋಡಿ, ಆಕಿನ್ನ ಅಂಜಸೂದಂದ್ರ ನನಗ ಹಬ್ಬ. 'ಪ್ಲೇಗಿನಾಗ ಸತ್ತಾವ್ರು ಈ ವಾಡೆದಾಗ ಹೆಸರ ಹಿಡದು ಕರೀತಾರ ನೋಡ. ದೆವ್ವ ಒಂದು ಸರ್ತಿ ಕರೀತೈತಿ, ಭಾಳಂದ್ರ ಎರಡು. ಮೂರು ಸರ್ತಿ ಕರದ್ರ ಮನಷ್ಯಾ. ಅಲ್ಲೀತನಕ ಓ ಅನಬ್ಯಾಡ' ಅಂದೆ... ನಾನ ಅಂದೆನ್ರಿ, ಈ ಸುಟ್ಟ ಬಾಯಿಲೆ!

"ಆವತ್ತೂ ಇಂಥಾದ ಜಿಟಿಜಿಟಿ ಮಳಿ. ಬುತ್ತಿ ಇಟ್ಟು, ಒಲಿಗೆ ಕಟಗಿ ಚಕ್ಕಿ ಆರಸಾಕ ಅಟ್ಟ ಏರ್ಯಾಳ. ನನಗೇನು ಗೊತ್ತು? ಆಸರದ ಕಂಬ ಒಂದ ಗೇಣು ಸರಸಬೇಕಿತ್ತು, ಆ ಗಳಿಗ್ಯಾಗ ಮ್ಯಾಲ ಬೆಕ್ಕೂ ಇರಬಾರದು. 'ಉದ್ದವ್ವಾ' ಅಂದೆ. ಇಲ್ಲ. ಮತ್ತೊಮ್ಮೆ ಅಂದೆ. ಇಲ್ಲ. ಮನಿಗಿ ಹೋಗ್ಯಾಳ ಅನಕೊಂಡು ಕಂಬ ಬಡದೆ... ಅಟ್ಟ ಕುಸೀತು. ಮಣ್ಣ ಬಗದು ತಗದಾಗ ಆಕಿ ಉಡಿ ತುಂಬ ಚಕ್ಕಿ ಇದ್ದೂ. ಇನ್ನೊಂದ ಸರ್ತಿ ಕರದಿದ್ರ ಓ ಅಂತಿದ್ಲು. ಒಂದ ಒಂದು ಸರ್ತಿ ನೋಡ್ರಿ..."

ಅಜ್ಜ ಕಂಬಳಿಯಿಂದ ಮುಖ ಒರೆಸಿಕೊಂಡ.

"ಆ ತೊಲಿ ಆಮ್ಯಾಲ ನಾನ ರಿಪೇರಿ ಮಾಡಿದೆ, ಅಟ್ಟಾನೂ ಕಟ್ಟಿದೆ. ಮುಗದ ದಿನ ತಡೀಲಾರದ 'ಉದ್ದವ್ವಾ' ಅಂದೆ. ಮ್ಯಾಲ ಹೆಜ್ಜಿ ಸಪ್ಪಳಾತು. ಎರಡನೇದು ಕರದೆ. ಹೆಜ್ಜಿ ಆ ಹೊಸಾ ತುಂಡಿನ ಮ್ಯಾಲ ಬಂದು ನಿಂತೂ, ನನ್ನ ಕಣ್ಣಾಗ ಮಣ್ಣ ಉದರಿತು. ಮೂರನೇದು... ಬಾಯಾಗ ಬರಲಿಲ್ರಿ. ಕರದು ಏನ ಹೇಳಲಿ? ಚ್ಯಾಷ್ಟಿ ಮಾಡಿದ್ದೆ ಅಂತ ಹೇಳಲೇನು? ಮೂವತ್ತ ವರ್ಷಾತು, ಒಳಗ ಕಾಲ ಇಟ್ಟಿಲ್ಲ. ಆಕಿ ಅಲ್ಲೇ ನಿಂತಾಳ, ಕಾಯಾಕತ್ತಾಳ."

ನಾನು ಅಟ್ಟದ ಕಡೆ ನೋಡಿ, "ತೊಲಿ ಈಗರ ಗಟ್ಟಿ ಐತೇನಜ್ಜಾ?" ಎಂದೆ.

"ಕಲ್ಲ ಐತ್ರಿ. ಸಾಲಿ ತಗೀರಿ. ಖರೆ ಮಾಸ್ತರ... ಸಾಲಿಗೆ ಹೆಸರ ಹಚ್ಚಿದಾವ್ರ ಪಟ್ಟಿಯೊಳಗ ಉದ್ದವ್ವ ಅಂತ ಹುಡುಗಿ ಅದಾಳೇನು?"

ಇಬ್ಬರಿದ್ದರು. ಹೇಳಿದೆ.

"ಹಾಜರಿಗೆ ಒಂದು ಸರ್ತಿ ಕರೀರಿ, ಎರಡು ಸರ್ತಿ ಕರೀರಿ. ಬರಲಿಲ್ಲಂದ್ರ ಗೈರಹಾಜರಿ ಬರದಬಿಡ್ರಿ. ಮೂರನೇದು ಕರೀಬ್ಯಾಡ್ರಿ... ಆಕಿ ಓ ಅಂತಾಳ, ಇಳದು ಬರತಾಳ. ಕರದಾಂವ ನಾ ಅಲ್ಲ ಅಂತ ಆಕಿಗೆ ಹ್ಯಾಂಗ ಹೇಳತೀರಿ?"