ಅಮಾಸಿ ದಿನ ಆರದ ದೀಪ

ಶರಣು ಬಸವಣ್ಣಾ, ಶರಣು ನನ್ನಪ್ಪಾ, ಹುಟ್ಟಿಸಿದಾಂವನೂ ನೀನ, ಕಾಯಾಂವನೂ ನೀನ... ಇಳಿ! ಗದ್ದೆಪ್ಪಾ, ಇಳೀ ಅಂದೆ! ಕರೆಂಟಿನ ಕಂಬಕ್ಕ ಒಂದು ಕಾಲು ಕೊಟ್ಟು ಹಂಗ ಏನ್ ನೋಡ್ತೀ? ನಾನಪ್ಪಾ, ಗಿರಣಿ ಬಸವಣ್ಣೆಮ್ಮ. ನಿನ್ನ ಕಂಡು ಗುಡಿ ಕಟ್ಟಿಯಿಂದ ಬರಿಗಾಲಿಲೇ ಓಡಿ ಬಂದೀನಿ, ಈ ಸಿಂಧನೂರು ಬಿಸಲಾಗ... ತಡಿ, ಜರಾ ಉಸುರು ಹಿಡೀತೀನಿ.

ಏನಿಲ್ಲೋ. ಏನೂ ಆಗಿಲ್ಲ. ಪ್ರಸಾದ ತಗೊಂಡು ಹತ್ತು ಅಂತ ಕರದೆ, ಅಷ್ಟ.

ಯಾಕ ನಗ್ತೀ? ಪ್ರಸಾದ ಕೊಡಾಕ ಇಷ್ಟು ಓಡಿ ಬರ್ತಾರೇನು ಅಂತೀ? ಬರ್ತಾರ! ಅಮಾಸಿ ದಿನ ಬರ್ತಾರ! ಹುಗ್ಗಿ ಮಾಡೀನಿ, ಮ್ಯಾಲ ತುಪ್ಪ ಹಾಕೀನಿ. ಬಾ, ಬೇವಿನ ಗಿಡದ ನೆಳ್ಳಾಗ ಕುಂದ್ರು. ಆ ಸೊಂಟದ ಪಟ್ಟಿ ಬಿಚ್ಚು ಮೊದಲ.

ಆಮ್ಯಾಲ ಅಂದ್ರ? ದೇವರ ಪ್ರಸಾದಕ್ಕ ಆಮ್ಯಾಲ ಅಂತಾರೇನು, ಹುಚ್ಚಪ್ಪಾ!

ಗೊತ್ತೈತಿ, ಗೊತ್ತೈತಿ. ನಿನ್ನಿ ಗಾಳಿಗೆ ತಂತಿ ಸಡ್ಲಾಗೈತಿ, ಕಿಡಿ ಉದರಾಕತ್ತಾವು, ಆರ್.ಎಚ್. ಕ್ಯಾಂಪಿನ ಮಂದಿ ಮುಂಜಾನಿಂದ ಫೋನ್ ಹಚ್ಚಿ ನಿನ್ನ ತಲಿ ತಿಂದಾರ. ತಿನ್ನಲಿ ಬಿಡು. ಇನ್ನ ಜರಾ ತಿನ್ನಲಿ. ತಲಿ ಇದ್ರ ತಿಂತಾರ...

ಕರೆಂಟ್ ಸ್ಟೇಶನ್‌ನಾಗ ಲೈನ್ ಬಂದ್ ಮಾಡ್ಯಾರ ಅಂತೀ. ನೀನ ಕೇಳೀದಿ ಫೋನಿನ್ಯಾಗ? ಹೂಂ. ಅವರು ಸುಳ್ಳು ಹೇಳಂಗಿಲ್ಲ. ಅವರ ಕಡಿಂದ ಬರೋದು ಬಂದ್ ಆಗೈತಿ, ಖರೇ. ಅವರ ಕಡಿಂದ...

ಹಂಗಂದ್ರ ಏನಿಲ್ಲಪ್ಪಾ. ಮುದುಕಿ, ಬಾಯಿಗೆ ಬಂದದ್ದು ಅಂತೀನಿ. ಅಲ್ಲ, ನೀ ತಂತಿಗೆ ಸಿಗಿಸಿ ನೆಲಕ್ಕ ಸರಪಳಿ ಬಿಡ್ತೀಯಲ್ಲ, ಆ ಉದ್ದನ್ ಕೋಲು, ಅದೆಲ್ಲಿ? ನಿನ್ನ ಜೋಡಿ ಲೈನ್‌ಮನ್ ಹುಲಿಗೇಶ ಒಯ್ದಾನ? ಮುಕ್ಕುಂದ ಊರಿಗೆ? ಅಯ್ಯ ನನ್ನ ಶಿವನ! ಇಬ್ಬರಿಗೆ ಒಂದ ಕೋಲೇನೋ? ಹಂಗಾರ ಹುಲಿಗೇಶ ಬರೂತನ ಕುಂದ್ರು. ಅವನೂ ಪ್ರಸಾದ ತಿನ್ನಲಿ. ಗೊಣಗಬ್ಯಾಡ, ಕುಂದ್ರು.

ಏನಂದಿ?

ಇನ್ನೊಮ್ಮೆ ಅನ್ನು... "ಬಸವಣ್ಣನ ದೀಪ ಉರಿಯಾಕತ್ತೈತಿ, ನನಗೇನ್ ಭಯ" ಅಂದ್ಯಾ?

ಹೌದು. ಉರಿಯಾಕತ್ತೈತಿ. ಇಲ್ಲಿಂದನ ಕಾಣ್ತೈತಿ, ಕೆಂಪಗ, ಗರ್ಭಗುಡಿಯಾಗ. ಊರ ಕರೆಂಟ್ ಹೋಗೈತಿ, ನನ್ನಪ್ಪನ ಮುಂದಿನ ಬಲ್ಬು ಉರಿಯಾಕತ್ತೈತಿ. ಬ್ಯಾಡ, ನೀ ಅದನ್ನ ನೋಡಬ್ಯಾಡ. ಹುಗ್ಗಿ ತಿನ್ನು.

ಮೊದಲ ಸಲ ಹಿಂಗ ಆದಾಗ ನೀನ ಅಲ್ಲೇನು ಇದ್ದಾಂವ? ಆವತ್ತೂ ಅಮಾಸಿ. ಗಿರಣಿ ಬಂದ್. ನೀ ಅತ್ತಾಗ ಕಾಲುವಿ ಕಡೆ ಕಂಬದ ಬುಡದ ಕೆಲಸ ಮುಗಿಸ್ಕೊಂಡು ನೀರು ಕುಡಿಯಾಕ ಬಂದಿ. ಬಂದಾಂವನ ನಿಂತಲ್ಲೇ ನಿಂತಿ. "ಅಮ್ಮಾರ, ಲೈನ್ ನಾನ ಬಂದ್ ಮಾಡಿಸೀನಿ, ಇದು ಹ್ಯಾಂಗ ಉರಿಯಾಕತ್ತೈತ್ರಿ?" ಅಂದಿ. ಅಂದು ಸಾಷ್ಟಾಂಗ ಬಿದ್ದಿ. ಕರೆಂಟಿನ ಮನಿಷಾನ ಪವಾಡ ಅಂದ ಮ್ಯಾಲ ಯಾರು ನಂಬಂಗಿಲ್ಲ ಹೇಳು! ಮುದಗಲ್‌ನಿಂದ ಬಸ್ಸು ಹತ್ತಿ ಬಂದ್ರು. ದಾವಲ್‌ಬೀನೂ ಬಂದು ದೀಪದ ಮುಂದ ಸಕ್ಕರಿ ಓದಿಸ್ಕೊಂಡು ಹೋದಳು. ನಿನ್ನ ಹೆಂಡ್ತಿ ನಾಗವೇಣಿ, ಕೂಸು ಪ್ರಿಯಾಂಕಾಗ ಜ್ವರ ಇಳೀವಲ್ದು ಅಂತ ಇದ ದೀಪದ ಮುಂದ ಸೆರಗೊಡ್ಡಿ ಅತ್ತಳು. ಜ್ವರ ಇಳೀತು. ಇಳೀತಲ್ಲ? ಅದು ಸುಳ್ಳಲ್ಲಪ್ಪಾ. ಅದು ಮಾತ್ರ ಸುಳ್ಳಲ್ಲ.

ಅಳಾಕತ್ತಿಲ್ಲ ನಾನು. ಬೆವರು.

ತಡಿ, ಫೋನ್ ಹಚ್ತೀನಿ. ನನ್ನ ಮಗ ಶಿವಕಾಂತಗ... ಹತ್ತವಲ್ದು. ಮುಂಜಾನಿಂದ ಹತ್ತವಲ್ದು. ಮಸ್ಕಿ ಮಲ್ಲಯ್ಯನ ಗುಡ್ಡಕ್ಕ ಹೋಗ್ಯಾನ, ಕೀಲಿಕೈ ಉಡದಾರಕ್ಕ ಕಟ್ಕೊಂಡು ಹೋಗ್ಯಾನ. ನನ್ನ ಸಂಕಟ ಅವನಿಗೇನ್ ಗೊತ್ತು...

ಯಾವ ಕೀಲಿ ಅಂದ್ರ? ಯಾವುದೋ ಕೀಲಿ! ಗಿರಣಿಯಾಗ ಕೀಲಿ ಇರಂಗಿಲ್ಲೇನು? ಪೊಲೀಸ್‌ನಂಗ ಕೇಳಬ್ಯಾಡ ನೀ.

ಎಲ್ಲಿ ಎದ್ದಿ? ಗದ್ದೆಪ್ಪಾ! ಕೈಗೆ ಬೂದಿ ಹಚ್ಕೊಂಡು ಹೊಂಟ್ಯಾ? ಆ ದೀಪಕ್ಕ ಕೈ ಮುಗದು ಹೊಂಟ್ಯಾ? ಬ್ಯಾಡೋ ನನ್ನಪ್ಪಾ, ಅದಕ್ಕ ಕೈ ಮುಗದು ಮಾತ್ರ ಹತ್ತಬ್ಯಾಡ! ನಿನ್ನ ಕಾಲು ಹಿಡೀತೀನಿ... ಬಿಡಂಗಿಲ್ಲ. ಹಿಡಕೊಂಡೇ ಇರ್ತೀನಿ. ಗುಡಿಯಾಗಿನ ಮಂದಿ ನೋಡಲಿ, ನಗಲಿ. ಗಿರಣಿ ಸಾವಕಾರ್ತಿ ಲೈನ್‌ಮನ್ ಕಾಲು ಹಿಡದಾಳ ಅನ್ನಲಿ. ಹೊತ್ತು ಮುಳುಗೂತನ ಕುಂದ್ರೋ. ಅಷ್ಟ ಬೇಡ್ತೀನಿ. ಹೊತ್ತು ಮುಳುಗಿದ ಮ್ಯಾಲ ಹತ್ತು, ನಾನ ಕಂದೀಲು ಹಿಡದು ನಿಂದರ್ತೀನಿ, ಆಣಿ ಮಾಡಿ ಹೇಳ್ತೀನಿ.

ಹೌದಪ್ಪಾ, ಗೊತ್ತು. ಕತ್ತಲಾಗ ಯಾರೂ ಕಂಬ ಹತ್ತಂಗಿಲ್ಲ. ಗೊತ್ತು ನನಗ. ನಗು, ನಗು. ಮುದುಕಿಗೆ ಬಿಸಲು ನೆತ್ತಿಗೇರೈತಿ ಅನ್ನು.

...

ಯಾಕ ನಗೂದು ನಿಲ್ಲಿಸಿದಿ?

ಮ್ಯಾಲ ಏನ್ ನೋಡ್ತೀ? ಮೋಡ. ಬರೇ ಮೋಡ ಅದು. ಸೂರ್ಯಗ ಅಡ್ಡ ಬಂದೈತಿ, ಹೋಗ್ತೈತಿ. ಗುಡಿ ಕಡೆ ಯಾಕ ತಿರುಗಿದಿ? ದೀಪ ಸಣ್ಣ ಆತು ಅಂತೀ... ಆಗ್ತೈತಪ್ಪಾ, ಹಳೇ ಗುಂಡು ಬಲ್ಬು. ಈಗ ನೋಡು, ಮೋಡ ಸರೀತು, ಮತ್ತ ಬೆಳಗಾ... ಬೆಳಗಾತು.

ಗದ್ದೆಪ್ಪಾ, ಈಗ ಗಿರಣಿ ಕಡೆ ಹೊಳ್ಳಿದ್ಯಾ?

ಹಂಗ ಗಿರಣಿ ತಗಡಿನ ಮ್ಯಾಲ ನೋಡಬ್ಯಾಡ. ಹೌದು, ಸೋಲಾರ್. ನೀನ ಅಂದಿದ್ದಿಯಲ್ಲ, ಊರ ಕರೆಂಟ್ ಹೋದ ಗಳಿಗಿಗೆ ಸೋಲಾರೂ ತಾನಾಗಿ ಬಂದ್ ಆಗ್ತೈತಿ ಅಂತ. ಹಾಕಿದ ಹುಡುಗ ಆಸೀಮನೂ ನಿನಗ ಅದನ್ನ ಹೇಳ್ಯಾನ. ಬಂದ್ ಆಗ್ತಿತ್ತು. ಆಸೀಮ್ ಹಾಕಿದಾಗ ಬಂದ್ ಆಗ್ತಿತ್ತು.

ಬೈ ನನ್ನ. ಎರಡು ಮಾತು ಬೈ. ನಿನ್ನ ಬಾಯಿ ಇಷ್ಟು ದೊಡ್ಡದು, ಇಡೀ ಕ್ಯಾಂಪ್‌ಗೆ ಕೇಳಸ್ತೈತಿ, ಈಗೇನಾತು?

ನನಗ ಬರೇ ಒಂದ ಆಸಿ ಇತ್ತೋ. ನನ್ನಪ್ಪನ ಮುಂದಿನ ಬೆಳಕು ಆರಬಾರದು. ಎಣ್ಣಿ ದೀಪ ಇಟ್ರ ಇಲಿ ಬತ್ತಿ ಎಳಕೊಂಡು ಹೋಗ್ತಾವು. ಬಲ್ಬು ಹಾಕಿದ್ರ ಕರೆಂಟ್ ಹೋಗ್ತೈತಿ. ಗಿರಣಿಗೆ ಸೋಲಾರ್ ಬಂತು, ಗುಡಿ ಬಲ್ಬಿನ ವೈರು ಅದಕ್ಕ ಹಚ್ಚಿಸಿದೆ, ಇನ್ನ ಚಿಂತಿ ಇಲ್ಲ ಅಂದೆ. ನೋಡಿದ್ರ, ಸೂರ್ಯ ನೆತ್ತಿ ಮ್ಯಾಲ ಉರಿಯಾಕತ್ತಿದ್ರೂ ಊರ ಕರೆಂಟಿನ ಸಂಗಾಟ ಇದೂ ಆರ್ತೈತಿ! ಇದೆಂಥಾ ನ್ಯಾಯ ಅಂತ ಆಸೀಮಗ ಜಗಳ ತಗದೆ. ಅದನ್ನ ತಗದು ಹಾಕು, ಆರದಂಗ ಮಾಡು ಅಂದೆ. ಅಂವ ಕೈ ಮುಗದ. "ಅಮ್ಮಾ, ಅದನ್ನೊಂದು ಕೇಳಬ್ಯಾಡ್ರಿ" ಅಂದ. ಎದ್ದು ಹೋದ. ಆಮ್ಯಾಲ ಲಿಂಗಸೂಗೂರು ಕಡಿಂದ ಯಾವನೋ ಒಬ್ಬ ಬಂದ, ಲ್ಯಾಪ್‌ಟಾಪ್ ಹಚ್ಚಿ ಏನೋ ಒತ್ತಿದ, ತಾನಾಗಿ ಬಂದ್ ಆಗೋದನ್ನ ತಗದು ಹೋದ. ಶಿವಕಾಂತ ಬ್ಯಾಡ ಅಂತನ ಇದ್ದ. ನಾನ ಹಟ ಹಿಡದು ಕರೆಸಿದ್ದು. ಸೋಲಾರ್ ಬಂದ್ ಮಾಡೋ ಪೆಟ್ಟಿಗಿಗೆ ಕೀಲಿ ಹಾಕಿಸಿದ್ದೂ ನಾನ.

ಗಿರಣಿ ಓಡೋ ದಿನ ಏನೂ ಆಗಂಗಿಲ್ಲಪ್ಪಾ. ಊರ ಕರೆಂಟ್ ಹೋದ್ರ ದೊಡ್ಡ ಮೋಟರು ಒಂದ ಸಲಕ್ಕ ಎಳೀತೈತಿ, ಸೋಲಾರ್ ತಡಕೊಳ್ಳಾಕ ಆಗದ ಕುಂದ್ರತೈತಿ. ಅಮಾಸಿಗೆ ಮೋಟರು ಬಂದ್. ಸೋಲಾರಿನ ಕರೆಂಟು ಗುಡಿ ಬಲ್ಬಿಗೂ ಬರ್ತೈತಿ, ಹೊರಗ ಕಂಬದ ತಂತಿಗೂ ಹರೀತೈತಿ. ಊರ ಕರೆಂಟ್ ಹೋಗಿದ್ದು ಅದಕ್ಕ ಖಬರ ಇರಂಗಿಲ್ಲ. ಅದಕ್ಕ ಅಮಾಸಿಗೇ ಪವಾಡ. ಅದಕ್ಕೇ...

ನಿನ್ನ ಅಂಗೈ ಯಾಕ ನೋಡ್ಕೋತೀ?

ನೋಡ್ಕೋಬ್ಯಾಡೋ. ಕೈ ಕೆಳಗ ಹಾಕು. ಬೈಯಂಗಿಲ್ಲ, ಹೊಡಿಯಂಗಿಲ್ಲ, ಬರೇ ನಿನ್ನ ಅಂಗೈ ನೋಡ್ಕೋತೀ...

ಏನ್ ಕೇಳಬೇಕಂತೀ ನೀ, ನನಗ ಗೊತ್ತೈತಿ. ಆಸೀಮ್ ಬರೇ ಕೈ ಮುಗದು ಹೋದನೇನು, ಯಾಕ ಬ್ಯಾಡ ಅಂತ ಹೇಳಲಿಲ್ಲೇನು, ಅದನ್ನ ಕೇಳ್ತೀ.

ಹೇಳಿದ್ದ.

"ಅಮ್ಮಾ, ಇದು ಆರೋದು ಇದರ ಕೆಡಕಲ್ಲ, ಇದರ ಪುಣ್ಯ. ಕಂಬದ ಮ್ಯಾಲ ಯಾರದೋ ಮಗ ಇರ್ತಾನ, ಅವನ ಸಲುವಾಗಿ ಇದು ಆರ್ತೈತಿ" ಅಂದಿದ್ದ. ಇದ ಬೇವಿನ ಗಿಡದ ಕೆಳಗ ಕುಂತು ಅಂದಿದ್ದ. ನನಗ ಗೊತ್ತಿತ್ತು ಗದ್ದೆಪ್ಪಾ. ಮೊದಲಿನ ದಿನದಿಂದ ಗೊತ್ತಿತ್ತು. ನೀ ಸಾಷ್ಟಾಂಗ ಬಿದ್ದಾಗ ಗೊತ್ತಿತ್ತು. ನಾಗವೇಣಿ ಸೆರಗೊಡ್ಡಿದಾಗ ಗೊತ್ತಿತ್ತು. ಬಸವಣ್ಣ ಕಾಯ್ತಾನ ಅಂತ ಅವನ ಹೆಗಲಿಗೆ ಹೊರಿಸಿ ಬಾಯಿ ಮುಚ್ಕೊಂಡೆ. ಇವತ್ತು ನೀ ನನ್ನ ಕಣ್ಣೆದುರಿನ ಕಂಬಕ್ಕ ಕಾಲು ಕೊಟ್ಟಾಗ... ಆಗೂ, ಆಗೂ ಪ್ರಸಾದ ಅಂದೆ. ಖರೇ ಹೇಳಾಕ ನಾಲಿಗಿ ಹೊಳ್ಳಲಿಲ್ಲ.

ಸರಿ. ಕೀಲಿಕೈ ಗುಡ್ಡದ ಮ್ಯಾಲ ಐತಿ. ಇರಲಿ. ಆ ಕಾಯಿ ಒಡಿಯೋ ಕಲ್ಲು ಎಲ್ಲಿ? ಸರೀರಿ, ಸರೀರವ್ವಾ, ದಾರಿ ಬಿಡ್ರಿ ಎಲ್ಲಾರೂ! ಬಸವಣ್ಣಾ, ಇವತ್ತು ನಿನಗ ಒಡಿಯೋ ಕಾಯಿ ಈ ಪೆಟ್ಟಿಗಿ ಕೀಲಿನ... ಒಡೀವಲ್ದು... ಇದೊಂದು ಏಟು... ಬಿತ್ತು! ಕೀಲಿ ಬಿತ್ತು. ಈ ಕೆಂಪು ಹಿಡಿಕಿ ಕೆಳಗ ಜಗ್ಗಬೇಕಲ್ಲ, ಗದ್ದೆಪ್ಪಾ? ತಲಿಯಾದ್ರೂ ಅಲ್ಲಾಡ್ಸು. ಹಾಂ... ನೀ ಜಗ್ಗಬ್ಯಾಡ, ನಾನ ಜಗ್ತೀನಿ. ಹಚ್ಚಿಸಿದ ಕೈನ ಆರಸಲಿ.

ಶಿವಾ...

ಆರ್ತು.

ಯಾಕ ಚೀರ್ತೀರಿ? ಅಳಬ್ಯಾಡ್ರವ್ವಾ. ದೀಪ ಆರೈತಿ, ದೇವರು ಆರಿಲ್ಲ. ಅದು ಪವಾಡ ಅಲ್ಲ, ನನ್ನ ಹಟ. ಪೊಲೀಸರು ಕೇಳಿದ್ರೂ ಇದನ್ನ ಹೇಳ್ತೀನಿ, ಶಿವಕಾಂತನ ಹೆಸರು ಯಾರೂ ಎತ್ತಬ್ಯಾಡ್ರಿ. ಕೈ ಮುಗಿಯೋದಿದ್ರ ಅಕಾ ಅಲ್ಲಿ, ಅವನಿಗೆ ಮುಗೀರಿ, ಹುಗ್ಗಿ ಕೈಯಾಗ ಹಿಡಕೊಂಡು ಬಾಯಿಗಿಡದ ನಿಂತಾನ ನೋಡ್ರಿ, ಜೀವಂತ ನಿಂತಾನ. ಇದಕ್ಕಿಂತ ಇನ್ನೆಂಥಾ ಪವಾಡ ಬೇಕು ನಿಮಗ?

ಗದ್ದೆಪ್ಪಾ, ಈಗ ನಾ ಹತ್ತು ಅನ್ನಂಗಿಲ್ಲ. ನನ್ನ ಮಾತು ನಂಬಿ ಹತ್ತಬ್ಯಾಡ. ಹುಲಿಗೇಶಗ ಫೋನ್ ಹಚ್ಚು. ಕೋಲು ಬರಲಿ, ಸರಪಳಿ ನೆಲ ಮುಟ್ಟಲಿ, ಆಮ್ಯಾಲ ನಿನ್ನ ಕೈ ತಂತಿ ಮುಟ್ಟಲಿ. ಮಾತಾಡಬ್ಯಾಡ ನನ್ನ ಕೂಡ. ಇವತ್ತ ಅಲ್ಲ, ಎಂದೂ ಮಾತಾಡಬ್ಯಾಡ. ಆದ್ರ ಮನಿಗೆ ಹೋಗು. ಆ ಅಂಗೈಲೇ ಪ್ರಿಯಾಂಕಾನ ತಲಿ ಸವರು.

ಬಸವಣ್ಣಾ, ಕತ್ತಲಾಗ ಕುಂತೀಯಪ್ಪಾ ನೀ. ಕುಂದ್ರು. ನನ್ನನ್ನ ನೀ ಏನ್ ಮಾಡಿದ್ರೂ ಮಾಡು. ಇಲ್ಲಿ ನಿಂತು ಕೇಳಿದವರ ಕಿವಿ ತಂಪಿರಲಿ, ಅವರ ಮನಿ ಬೆಳಕಿರಲಿ. ಹತ್ತಿದ ಮಕ್ಕಳೆಲ್ಲಾ ಇಳಿದು ಬರಲಿ, ಇಳಿದವರೆಲ್ಲಾ ಮನಿ ಮುಟ್ಟಲಿ. ಶರಣು, ಎಲ್ಲಾರಿಗೂ ಶರಣು.